ಪರದೆ ಎಳೆದು ಕುಣಿದವರು

ಗಲ್ಫಿನ ಥುಕ್ಬಾ ಎಂಬ ಊರಿನಲ್ಲಿ ನಾವಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ಎದುರುಬದುರಾಗಿ ಎರಡು ಫ್ಲ್ಯಾಟ್‌ಗಳಿದ್ದವು. ಒಂದು ನಮ್ಮದು, ಇನ್ನೊಂದು ನಮ್ಮ ಪ್ರಾರ್ಥನಾ ಕೂಟದ ಮುಖ್ಯಸ್ಥರದು. ಅವರನ್ನು ಎಲ್ಲರೂ ಬಾಪ್ಪು ಎನ್ನುತ್ತಿದ್ದರು, ಕೊಂಕಣಿಯಲ್ಲಿ ಚಿಕ್ಕಪ್ಪ ಎಂದ ಹಾಗೆ. ಅವರ ಹೆಂಡತಿ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. ಅವರಿಬ್ಬರ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ಒಂದೆರಡು ಸಲ ಕುಳಿತದ್ದುಂಟು. ಬರಲಿಲ್ಲ. ಬಾರದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಆ ದೇಶದಲ್ಲಿ ಚರ್ಚಿಲ್ಲ. ನಾವು ಮಂಗಳೂರು, ಉಡುಪಿ ಕಡೆಯ ಹತ್ತಾರು ಕ್ರೈಸ್ತ ಕುಟುಂಬಗಳು ಶುಕ್ರವಾರ ಒಬ್ಬರ ಮನೆಯಲ್ಲಿ ಸೇರಿ, ಕಿಟಕಿಗಳ ಪರದೆ ಎಳೆದು, ಪಕ್ಕದ ಮನೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಜಪಮಾಲೆ ಹೇಳುತ್ತಿದ್ದೆವು. ಬೀದಿಯಲ್ಲಿ ಮುತವ್ವಾಗಳ, ಅಂದರೆ ಧರ್ಮದ ಪೊಲೀಸರ ಗಾಡಿ ಕಂಡರೆ ಕೆಳಗಿನ ಬಕಾಲೆಯ, ಅಂದರೆ ದಿನಸಿ ಅಂಗಡಿಯ ಬ್ಯಾರಿ ಅಣ್ಣ ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಆಗ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಶಿಲುಬೆ ಅಕ್ಕಿಯ ಡಬ್ಬಿಗೆ ಹೋಗುತ್ತಿತ್ತು. ಬೇರೆ ಬೇರೆ ಮನೆಯ ಗಂಡಸರು ಹೆಂಗಸರು ಒಂದೇ ಕೋಣೆಯಲ್ಲಿ ಕುಳಿತಿರುವುದೂ ಅಲ್ಲಿ ತಪ್ಪೇ. ಹಾಗಾಗಿ ಕ್ರಿಸ್ಮಸ್ಸಿನ ಕೂಟಕ್ಕೆ ಬಾಪ್ಪು ಒಂದು ವ್ಯವಸ್ಥೆ ಮಾಡಿದ್ದರು. ಗಂಡಸರು ಅವರ ಫ್ಲ್ಯಾಟಿನಲ್ಲಿ, ಹೆಂಗಸರು ಮಕ್ಕಳು ನಮ್ಮ ಫ್ಲ್ಯಾಟಿನಲ್ಲಿ. ಅವರು ಬಂದು ನಮ್ಮ ಕರೆಗಂಟೆ ಒತ್ತಿದರೆ ಊಟದ ಪ್ರಾರ್ಥನೆಗೆ ಹೊತ್ತಾಯಿತು ಎಂದರ್ಥ.

ಹಬ್ಬ ಎಂದ ಮೇಲೆ ನಮ್ಮವರಿಗೆ ಕುಣಿತ ಬೇಕೇ ಬೇಕು. ನಾಳೆ ಮದುವೆಯ ದಿನ ಮಗಳು ಜೋಡಿಯಾಗಿ ಕುಣಿಯುವ ವಾಲ್ಟ್ಸ್ ಬಾರದೆ ಗಂಡನ ಕಾಲು ತುಳಿದರೆ ಮರ್ಯಾದೆ ಹೋಯಿತಲ್ಲ! ಆದ್ದರಿಂದ ಮೌಶಿ ಶುಕ್ರವಾರಗಳಂದು ನಮ್ಮ ಹಾಲ್‌ನ ಸೋಫಾಗಳನ್ನು ಗೋಡೆಗೆ ಸರಿಸಿ ಹುಡುಗಿಯರಿಗೆ ಕುಣಿತ ಕಲಿಸುತ್ತಿದ್ದರು. ಹುಡುಗರು ಎದುರು ಮನೆಯಲ್ಲಿ. ಇಲ್ಲಿ ಉದ್ದ ಇದ್ದವಳು ಗಂಡು, ಗಿಡ್ಡ ಇದ್ದವಳು ಹೆಣ್ಣು. ಗಂಡಾದವಳ ಎಡ ಮಣಿಕಟ್ಟಿಗೆ ಒಂದು ಕರ್ಚೀಫು ಕಟ್ಟುವುದು ಮೌಶಿಯದೇ ಕ್ರಮ. ನನ್ನ ಮಗಳು ಚಿಕ್ಕಂದಿನಲ್ಲೇ ಬಿದಿರಿನ ಹಾಗೆ ಬೆಳೆದುಬಿಟ್ಟವಳು. ಕರ್ಚೀಫು ಅವಳ ಕೈ ಬಿಟ್ಟು ಹೋದದ್ದೇ ಇಲ್ಲ. ಯಾರನ್ನು ಹೇಗೆ ಹಿಡಿಯಬೇಕು, ತಿರುಗುವಾಗ ಜೊತೆಯವಳಿಗೆ ಬೆರಳ ತುದಿಯಲ್ಲಿ ಹೇಗೆ ಸೂಚನೆ ಕೊಡಬೇಕು ಎಂಬುದನ್ನೆಲ್ಲ ಅವಳು ಕಲಿತದ್ದು ಮೌಶಿಯ ಕೈ ಹಿಡಿದೇ. "ಇವಳ ಕೈಗೆ ಸಿಕ್ಕಿದ್ರೆ ಗೋದ್ರೆಜ್ ಕಪಾಟೂ ಕುಣೀತದೆ ಮಾರಾಯ್ತಿ" ಎಂದು ಮೌಶಿ ನನ್ನೆದುರೇ ಹೊಗಳುತ್ತಿದ್ದರು. ನಾನೂ ಬೀಗುತ್ತಿದ್ದೆ.

ನಮ್ಮಲ್ಲಿ ಮಾತ್ರವಲ್ಲ, ಆ ಊರಿನಲ್ಲೇ ಅದು ಸಾಮಾನ್ಯ. ನಾನು ಪಕ್ಕದ ಅಲ್ ಖೋಬರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಬಾಣಂತಿಯೊಬ್ಬಳು ತನ್ನ ತಂಗಿಯ ಮದುವೆಗೆ ಕರೆದಿದ್ದಳು. ಮೈಮುಚ್ಚುವ ಕಪ್ಪು ನಿಲುವಂಗಿ ಅಬಾಯಾಗಳನ್ನು ಬಾಗಿಲಲ್ಲೇ ಕಳಚಿ ನೂರಾರು ಹೆಂಗಸರು ಹೆಂಗಸರ ಜೊತೆಗೇ ಕುಣಿದರು. ಯಾರ ಕಣ್ಣೂ ಕೆಂಪಾಗಲಿಲ್ಲ.

ಮಗಳನ್ನು ಹತ್ತನೆಯ ತರಗತಿಯ ನಂತರ ನಮ್ಮ ದೇಶಕ್ಕೆ ಕಳಿಸಿ, ಬೆಟ್ಟದ ಮೇಲಿನ ಒಂದು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದೆವು. ಹಾಕಿದೆವು ಎಂದರೆ ನನ್ನ ಗಂಡ ಹಾಕಿದರು, ಮೌಶಿ ಹಾಕಿಸಿದರು. ಅಲ್ಲಿನ ಪ್ರಿನ್ಸಿಪಾಲ್ ಸಿಸ್ಟರು ಮೌಶಿಯ ಊರಿನವರು. ಕೊನೆಯ ವರ್ಷದ ಹುಡುಗಿಯರಿಗೆ ಆ ಶಾಲೆಯಲ್ಲಿ ಸೋಶಿಯಲ್ ಎಂಬುದೊಂದು ನಡೆಯುತ್ತಿತ್ತು. ಆಚೆ ಗುಡ್ಡದ ಫಾದರುಗಳ ಶಾಲೆಯಿಂದ ಹುಡುಗರು ಬರುತ್ತಾರೆ, ಜೋಡಿಯಾಗಿ ಹಾಲ್ ಪ್ರವೇಶಿಸಬೇಕು, ನಡುವೆ ಒಂದು ಪುಸ್ತಕದಷ್ಟು ಅಂತರವಿಟ್ಟು ಕುಣಿಯಬೇಕು. ಮಗಳು ಯಾರ ಜೊತೆ ಬರುತ್ತಾಳೆ ಎಂದು ಶಾಲೆಯವರು ಮೊದಲೇ ತಂದೆ ತಾಯಿಗೆ ಫೋನ್ ಮಾಡಿ ತಿಳಿಸುತ್ತಾರೆ.

ನನಗೆ ಫೋನ್ ಬಂದಾಗ ನಾನು ಡ್ಯೂಟಿ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ.

"ನಿಮ್ಮ ಮಗಳು ಸೋಶಿಯಲ್‌ಗೆ ಒಬ್ಬಳು ಹುಡುಗಿಯ ಜೊತೆ ಬರ್ತೇನೆ ಅಂತ ಹೇಳ್ತಿದ್ದಾಳೆ. ನಿಮಗೆ ಗೊತ್ತುಂಟಾ?" ಎಂದರು ಸಿಸ್ಟರು.

ನನಗೆ ಜೀವ ಬಂದಂತಾಯಿತು. "ಹುಡುಗಿ ಜೊತೆಯೇ ಅಲ್ವಾ ಸಿಸ್ಟರ್? ತುಂಬಾ ಒಳ್ಳೇದಾಯ್ತು. ಹುಡುಗನ ಜೊತೆ ಅಂದಿದ್ರೆ ನಾನೇ ಬಂದು ಕಾಲು ಮುರೀತಿದ್ದೆ."

ಲೈನು ಹೋಯಿತೇನೋ ಎಂದು ಹಲೋ ಹಲೋ ಎಂದೆ.

"ನಿಮಗೆ... ಒಪ್ಪಿಗೆಯಾ?"

"ಮತ್ತೆಂತ! ನಾವು ಇಲ್ಲಿ ಅವಳಿಗೆ ಕಲಿಸಿದ್ದೇ ಹಾಗೆ. ಇಲ್ಲಿ ನಾವು ಹೆಂಗಸರೆಲ್ಲ ಹಾಗೇ. ನಿಮ್ಮ ಊರಿನ ಮೌಶಿ ಇದ್ದಾರಲ್ಲ, ಅವರೇ ಗುರು. ಬೇಕಾದ್ರೆ ಕೇಳಿ ನೋಡಿ."

ಈಗ ನೆನೆದರೆ ನಗು ಬರುತ್ತದೆ. ಅಂದು ಬರಲಿಲ್ಲ. ಸಿಸ್ಟರು ಸಾವರಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಗೆಳತಿಯರು ಸುಮ್ಮನೆ ಕುಣಿಯುವ ವಿಷಯ ಅಲ್ಲ ಇದು. ಇವರಿಬ್ಬರಿಗೆ ಪರಸ್ಪರ ಪ್ರೀತಿಯಂತೆ. ಜೋಡಿಯಾಗಿಯೇ ಬರುತ್ತೇವೆ ಎಂದು ನಿಮ್ಮ ಮಗಳು ನನ್ನ ಕೋಣೆಗೆ ಬಂದು ನನ್ನ ಮುಖ ನೋಡಿಕೊಂಡೇ ಹೇಳಿದಳು. ಇದು ಚರ್ಚಿನ ಶಾಲೆ. ಇಲ್ಲಿ ಅದಕ್ಕೆ ಜಾಗ ಇಲ್ಲ. ಯಾರಾದರೂ ಹುಡುಗನ ಜೊತೆ ಬರಲಿ, ಇಲ್ಲವೇ ಆ ಸಂಜೆ ಹಾಸ್ಟೆಲಿನಲ್ಲೇ ಇರಲಿ.

ನಾನು ಊಟದ ಡಬ್ಬಿ ಮುಚ್ಚಿದೆ. ಮೊದಲು ಸಿಟ್ಟು ಬಂದದ್ದು ಸಿಸ್ಟರ ಮೇಲಲ್ಲ, ಮಗಳ ಮೇಲೆ. ಸಂಜೆ ಹಾಸ್ಟೆಲಿಗೆ ಫೋನ್ ಹಚ್ಚಿ, "ಎಂತ ಮಾಡಿದ್ದು ನೀನು?" ಎಂದು ಹರಿಹಾಯ್ದೆ.

"ನಿಜ ಹೇಳಿದ್ದು" ಎಂದಳು.

"ಹೇಳ್ಲೇಬೇಕಿತ್ತಾ?"

"ಅಮ್ಮ, ಇಲ್ಲಿ ಹುಡುಗರು ಕಮ್ಮಿ ಬಿದ್ರೆ ಹುಡುಗೀರು ಹುಡುಗೀರ ಜೊತೆನೇ ಡ್ಯಾನ್ಸ್ ಮಾಡ್ತಾರೆ. ಸಿಸ್ಟರೇ ಜೋಡಿ ಮಾಡಿ ಕೊಡ್ತಾರೆ. ಸುಮ್ನೆ ಫ್ರೆಂಡ್ಸ್ ಅಂತ ಹೇಳಿದ್ರೆ ನಮ್ಮನ್ನೂ ಬಿಡ್ತಿದ್ರು."

"ಹಾಗೇ ಹೇಳ್ಬಹುದಿತ್ತಲ್ಲ!"

ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಯಿತು. "ನಾನು ಸಣ್ಣದಿರುವಾಗಿಂದ ಕುಣಿದದ್ದೆಲ್ಲ ಪರದೆ ಹಾಕಿಯೇ ಅಲ್ವಾ ಅಮ್ಮ. ಒಂದು ಸಲ ದೊಡ್ಡ ಹಾಲ್‌ನಲ್ಲಿ, ಲೈಟ್ ಹಾಕಿ, ಎಲ್ಲರೆದುರು ಅವಳ ಜೊತೆ ಕುಣೀಬೇಕು. ಅಷ್ಟೇ. ಮತ್ತೆ ನೀವು ಹೇಳಿದ ಹಾಗೆ ಕೇಳ್ತೇನೆ."

ಹುಡುಗಿ ಹುಡುಗಿಯನ್ನು ಪ್ರೀತಿಸುವುದೆಂದರೆ ಏನೆಂದು ನನಗೆ ಅಂದು ಅರ್ಥವಾಗಿತ್ತು ಎಂದು ಹೇಳಲಾರೆ. ಅರ್ಥವಾದದ್ದು ಇಷ್ಟೇ. ಸುಳ್ಳು ಹೇಳಿದ್ದರೆ ನನ್ನ ಮಗಳಿಗೆ ಬಾಗಿಲು ತೆರೆಯುತ್ತಿತ್ತು, ನಿಜ ಹೇಳಿದ್ದಕ್ಕೆ ಮುಚ್ಚಿತು. ಸತ್ಯ ಹೇಳುವುದನ್ನು ಕಲಿಸಲಿ ಎಂದೇ ತಾನೆ ಸಿಸ್ಟರುಗಳ ಕೈಗೆ ಒಪ್ಪಿಸಿದ್ದು? ಮರುದಿನ ನಾನೇ ಸಿಸ್ಟರಿಗೆ ಫೋನ್ ಮಾಡಿದೆ. ಬೇಡಿಕೊಂಡೆ, ಕೂಗಾಡಿದೆ, ಮತ್ತೆ ಬೇಡಿಕೊಂಡೆ. ಅವರ ದನಿ ಕೊನೆಯವರೆಗೂ ಬೆಣ್ಣೆಯಷ್ಟೇ ಮೃದುವಾಗಿತ್ತು. ನಿಮ್ಮ ಮಗಳಿಗಾಗಿ ಪ್ರಾರ್ಥಿಸುತ್ತೇನೆ ಎಂದರು. ಪ್ರಾರ್ಥನೆ ನೀವೇ ಇಟ್ಟುಕೊಳ್ಳಿ, ಅವಳನ್ನು ಹಾಲ್ ಒಳಗೆ ಬಿಡಿ ಎಂದೆ.

ಇನ್ನೊಂದು ಹುಡುಗಿಯ ಮನೆಯವರು ಜುಬೈಲಿನಲ್ಲಿದ್ದರು, ನಮ್ಮಿಂದ ಒಂದು ಗಂಟೆಯ ದಾರಿ. ಸಿಸ್ಟರು ಅವರಿಗೂ ಫೋನ್ ಮಾಡಿದ್ದರು. ನಿಮಗೆ ಸರಿ ಕಂಡದ್ದನ್ನು ಮಾಡಿ ಎಂದರಂತೆ ಅವರು. ಮಗಳು ಯಾರ ಜೊತೆ ಕುಣಿದರೂ ಅವರಿಗೆ ಒಂದೇ ಎಂಬುದಾದರೆ ಒಳ್ಳೆಯದಿತ್ತು. ಆದರೆ ಆ ಮಾತಿನ ಅರ್ಥ, ಈ ರಗಳೆ ನಮಗೆ ಹೇಳಬೇಡಿ ಎಂದಷ್ಟೇ.

ಶುಕ್ರವಾರ ಜಪಮಾಲೆಗೆ ಕುಳಿತಾಗ ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಬಾಯಿಂದಲೇ ಮೌಶಿಯ ಹೆಸರು ಕೇಳಿದ್ದ ಸಿಸ್ಟರು ಮೌಶಿಗೇ ಫೋನ್ ಮಾಡಿ, ನೀವೇ ಕಲಿಸಿದ್ದಂತೆ ಹೌದಾ ಎಂದು ವಿಚಾರಿಸಿದ್ದರು. ಮೌಶಿ ಹೌಹಾರಿ ಊರೆಲ್ಲ ಹೇಳಿಕೊಂಡು ಬಂದಿದ್ದರು. ಜಪ ಮುಗಿದದ್ದೇ ಬಾಪ್ಪು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಅವರು ಭಾಷಣಕ್ಕೆ ಮುಂಚೆ ಹಾಗೆ ಮಾಡುತ್ತಿದ್ದರು.

"ನೋಡಿ, ಮಗು ನಮ್ಮದೇ. ಬಯ್ಯುವ ಪ್ರಶ್ನೆ ಇಲ್ಲ. ಆದ್ರೆ ಶಾಲೆ ಮಾಡಿದ್ದು ಸರಿ. ಧರ್ಮದ ಶಾಲೆ ಧರ್ಮದ ಹಾಗೆ ಇರ್ಬೇಕು. ಇಷ್ಟ ಇಲ್ಲದವರಿಗೆ ಬೇರೆ ಶಾಲೆ ಬೇಕಾದಷ್ಟು ಉಂಟು."

"ಇಲ್ಲಿಯ ಮುತವ್ವಾ ಕೂಡ ಅದನ್ನೇ ಹೇಳುದು" ಎಂದೆ. "ನಮ್ಮ ದೇಶ, ನಮ್ಮ ಧರ್ಮ, ಇಷ್ಟ ಇಲ್ಲದವರು ಹೋಗಿ ಅಂತ. ಮತ್ತೆ ನಾವ್ಯಾಕೆ ಪರದೆ ಹಾಕಿ ಕೂತದ್ದು? ಎಲ್ಲರೂ ಊರಿಗೆ ಹೋಗುವ, ಏಳಿ."

"ಅದೂ ಇದೂ ಒಂದೇನಾ?" ಬಾಪ್ಪು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು. "ಬೇರೆಯವರು ನಮ್ಮ ದೇವರ ಕೋಣೆಗೆ ಕಾಲಿಟ್ರೆ ಎಂತ ಆಗ್ತದೆ ಅಂತ ನಾವೇ ನೋಡ್ತಾ ಇಲ್ವಾ? ಹಾಡ್ಲಿಕ್ಕೆ ಬಿಡುದಿಲ್ಲ, ಗಂಟೆ ಬಾರಿಸ್ಲಿಕ್ಕೆ ಬಿಡುದಿಲ್ಲ. ಊರಲ್ಲಿ ನಮ್ಮದು ಅಂತ ಇರುದು ಆ ನಾಲ್ಕು ಶಾಲೆ. ಅಲ್ಲಿಯೂ ಹೊರಗಿನವರು ಬಂದು ಇವರನ್ನು ಸೇರಿಸಿ, ಅವರನ್ನು ಕುಣಿಸಿ ಅಂದ್ರೆ ನಮಗೆ ಉಳಿಯುದೆಂತ?"

ಈ ಮಾತಿಗೆ ಇಂದಿಗೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹೆದರಿ ಹೆದರಿ ಪ್ರಾರ್ಥಿಸಿದವರಿಗೆ ತಮ್ಮದೆನ್ನುವ ನಾಲ್ಕು ಗೋಡೆ ಎಷ್ಟು ಮುಖ್ಯ ಎಂದು ನನಗೂ ಗೊತ್ತು. ಬಾಪ್ಪು ಆ ವಾದ ಗೆದ್ದರು, ಅದಕ್ಕೇ ಅವರನ್ನು ಕ್ಷಮಿಸಲು ನನ್ನಿಂದಾಗಿಲ್ಲ.

"ನನ್ನ ಮಗಳು ಹೊರಗಿನವಳಾ?" ಎಂದು ಮಾತ್ರ ಕೇಳಿದೆ. "ಕೈ ಹಿಡಿದು ಕುಣಿಲಿಕ್ಕೆ ಕಲಿಸಿದ್ದು ಯಾರು?"

ಮೌಶಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಸ್ಟೆಪ್ ಕಲಿಸಿದ್ದು ಮಾರಾಯ್ತಿ. ಇದನ್ನೆಲ್ಲ ನಾನು ಕಲಿಸ್ಲಿಲ್ಲ." ನನ್ನ ಗಂಡ ಕಾರ್ಪೆಟ್ಟಿನ ಹೂವುಗಳನ್ನು ನೋಡುತ್ತ ಕುಳಿತಿದ್ದರು. ಅವರು ಯಾವ ಜಗಳದಲ್ಲೂ ಕಾರ್ಪೆಟ್ಟಿನಿಂದ ಕಣ್ಣು ಎತ್ತಿದವರಲ್ಲ.

ಸೋಶಿಯಲ್ ನಡೆಯಿತು. ಮಗಳೂ ಆ ಹುಡುಗಿಯೂ ಹಾಸ್ಟೆಲಿನಲ್ಲಿ ಉಳಿದರು. ಒಟ್ಟಿಗೆ ಇರಲೂ ಬಿಡಲಿಲ್ಲವಂತೆ, ಒಬ್ಬೊಬ್ಬರನ್ನು ಒಂದೊಂದು ಮಹಡಿಯಲ್ಲಿ ಇಟ್ಟಿದ್ದರಂತೆ. ಹಾಲ್‌ನ ಹಾಡು ಕಿಟಕಿಯಿಂದ ಕೇಳುತ್ತಿತ್ತು ಎಂದಳು. ಅಷ್ಟನ್ನೇ ಹೇಳಿದಳು.

ಡಿಸೆಂಬರಿನಲ್ಲಿ ರಜೆಗೆ ಬಂದಳು. ಬಂದವಳು ಮೊದಲಿನ ಹಾಗೆಯೇ ತಿಂದಳು, ಮಲಗಿದಳು, ಫೋನಿನಲ್ಲಿ ಮುಳುಗಿದಳು. ಕ್ರಿಸ್ಮಸ್ ಕೂಟ ಈ ವರ್ಷ ನಮ್ಮಲ್ಲಿ ಬೇಡ ಎಂದು ನಾನು ಗಂಡನಿಗೆ ಹೇಳಿದೆ. ಹೊಂದಿಕೊಂಡು ಹೋಗುವ, ಒಂದೇ ಮಹಡಿಯಲ್ಲಿ ಬದುಕಬೇಕಲ್ಲ ಎಂದರು. ಮಗಳೂ ಇರಲಿ ಅಮ್ಮ ಎಂದಳು. ಸರಿ ಎಂದೆ. ನಾನು ಇಡ್ಲಿಯಂಥ ಸನ್ನ ಬೇಯಿಸಿದೆ, ಕೋಳಿ ಮಾಡಿದೆ, ಸೋಫಾಗಳನ್ನು ಗೋಡೆಗೆ ಸರಿಸಿದೆ.

ಹೆಂಗಸರು ಬಂದರು, ಅಬಾಯಾ ಕಳಚಿ ಒಳಕೋಣೆಯ ಮಂಚದ ಮೇಲೆ ರಾಶಿ ಹಾಕಿದರು. ಒಳಗೆಲ್ಲ ಜರಿ, ಲಿಪ್‌ಸ್ಟಿಕ್, ಸೆಂಟು. ಮೌಶಿ ಇಸ್ತ್ರಿ ಮಾಡಿದ ಕರ್ಚೀಫುಗಳನ್ನು ತಂದಿದ್ದರು. ಒಬ್ಬೊಬ್ಬ ಉದ್ದದ ಹುಡುಗಿಯ ಕೈಗೂ ಕಟ್ಟುತ್ತ ಬಂದರು. ನನ್ನ ಮಗಳು ಅಭ್ಯಾಸಬಲದಿಂದ ಎಡಗೈ ಮುಂದೆ ಚಾಚಿದಳು.

ಮೌಶಿ ಆ ಕೈಯನ್ನು ಮೆಲ್ಲಗೆ ಕೆಳಗೆ ಇಳಿಸಿದರು. "ನೀನು ಈ ಸರ್ತಿ ಪದ್ಯ ಹಾಕು ಮಗಾ. ನಿಂಗೆ ಮೊಬೈಲೆಲ್ಲ ಗೊತ್ತುಂಟಲ್ಲ."

ಅವಳು ಸ್ಪೀಕರಿನ ಪಕ್ಕ ಸ್ಟೂಲು ಎಳೆದು ಕುಳಿತು ಹಾಡು ಹಾಕಿದಳು. ಹುಡುಗಿಯರು ಹುಡುಗಿಯರ ಸೊಂಟ ಹಿಡಿದು ತಿರುಗಿದರು. ಅವರ ಅಮ್ಮಂದಿರು ಒಬ್ಬರಿಗೊಬ್ಬರು ಹೊಟ್ಟೆ ತಾಗಿಸಿಕೊಂಡು, ಕಿಸಿಕಿಸಿ ನಗುತ್ತ, ಕಾಲು ತುಳಿದುಕೊಂಡು ಕುಣಿದರು. ಮೌಶಿ ನಮ್ಮ ಕೂಟದ ಅತ್ಯಂತ ದಪ್ಪ ಹೆಂಗಸಿನ ಕೈಯಲ್ಲಿ ಕೈಯಿಟ್ಟು ಕಣ್ಣು ಮುಚ್ಚಿಕೊಂಡು ತೇಲುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸನ್ನದ ಪಾತ್ರೆ ಹಿಡಿದು ನಿಂತಿದ್ದೆ. ಮಗಳು ಒಂದು ಹಾಡು ಮುಗಿಯುತ್ತಿದ್ದ ಹಾಗೆ ಇನ್ನೊಂದನ್ನು ಆರಿಸುತ್ತಿದ್ದಳು. ಒಳ್ಳೊಳ್ಳೆಯ ಹಾಡನ್ನೇ ಆರಿಸುತ್ತಿದ್ದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಪಾತ್ರೆಯನ್ನು ಕೆಳಗಿಟ್ಟು ಹೋಗಿ ಸ್ಪೀಕರಿನ ವಯರು ಕಿತ್ತೆ.

"ಎಲ್ಲರೂ ಹೋಗಿ" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಮೌಶಿಯ ಕೈ ಇನ್ನೂ ಆ ಹೆಂಗಸಿನ ಬೆನ್ನಿನ ಮೇಲಿತ್ತು. "ಎಂತಾಯ್ತು, ಮಿಸ್ಡ್ ಕಾಲ್ ಬಂತಾ?" ಎಂದರು ಗಾಬರಿಯಿಂದ.

"ಇಲ್ಲ. ನಾನು ಹೇಳ್ತಿರುದು. ನನ್ನ ಮನೆಯಿಂದ ಹೋಗಿ. ಹೆಂಗಸರು ಹೆಂಗಸರನ್ನು ಹಿಡಿದು ಕುಣಿಯುದು ಇಲ್ಲಿ ಆಗ್ಲಿಕ್ಕಿಲ್ಲ."

ಅಬಾಯಾ ಇಲ್ಲದೆ ಬಾಗಿಲು ದಾಟುವಂತಿಲ್ಲ. ಎಲ್ಲರೂ ಒಳಕೋಣೆಗೆ ನುಗ್ಗಿದರು. ಎಲ್ಲ ಅಬಾಯಾಗಳೂ ಕಪ್ಪೇ, ಯಾವುದು ಯಾರದೆಂದು ತಿಳಿಯದೆ ಕಚ್ಚಾಟವಾಯಿತು. ಗಿಡ್ಡದವರು ನೆಲ ಗುಡಿಸುವಂಥದ್ದನ್ನು ತೊಟ್ಟು ಬಂದರು, ದಪ್ಪದವರು ಗುಂಡಿ ಹಾಕಲಾಗದೆ ಎದೆಯ ಬಳಿ ಮುಷ್ಟಿ ಹಿಡಿದು ಬಂದರು. ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಊಟದ ಪ್ರಾರ್ಥನೆಗೆ ಹೇಳಲು ಬಂದಿದ್ದ ಬಾಪ್ಪು ಬಾಗಿಲಲ್ಲಿ ಈ ಮೆರವಣಿಗೆ ಕಂಡು ಕಂಗಾಲಾದರು. ಹೆಂಗಸರು ಗಂಡಸರ ಫ್ಲ್ಯಾಟಿಗೆ ಹೋಗುವಂತಿಲ್ಲ, ನಮ್ಮಲ್ಲಿ ಇರುವಂತಿಲ್ಲ. ಮೆಟ್ಟಿಲ ಮೇಲೆ ಹಬ್ಬದ ಜನ.

"ಎಂತ ಇದು? ಸದ್ದು ಮಾಡ್ಬೇಡಿ! ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಎಲ್ಲರ ಇಕಾಮಾ ರದ್ದು ಮಾಡಿ ಊರಿಗೆ ಕಳಿಸ್ತಾರೆ" ಎಂದು ಬಾಪ್ಪು ಪಿಸುದನಿಯಲ್ಲೇ ಕಿರುಚಿದರು.

ನಾನೂ ಪಿಸುದನಿಯಲ್ಲೇ ಹೇಳಿದೆ. "ಶಾಲೆ ನಿಮ್ಮದು, ಅವಳನ್ನು ಹೊರಗಿಡುವ ಹಕ್ಕು ನಿಮಗುಂಟು ಅಂದ್ರಲ್ಲ. ಇದು ನನ್ನ ಮನೆ. ನನಗೂ ಉಂಟು. ಇಷ್ಟ ಇಲ್ಲದವರಿಗೆ ಬೇರೆ ಮನೆ ಬೇಕಾದಷ್ಟು ಉಂಟು."

ಅದು ಅವರದೇ ಮಾತಾಗಿತ್ತಲ್ಲ. ಬಾಪ್ಪು ಕನ್ನಡಕ ತೆಗೆದು ಒರೆಸಲು ಹೋದರು. ನಾನು ಬಾಗಿಲು ಹಾಕಿದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಬಾಗಿಲನ್ನೂ ಹಾಕಿಲ್ಲ. ಆಮೇಲೆ ನಾವು ಆ ಮನೆ ಬಿಡುವವರೆಗೂ ಕೂಟ ನಮ್ಮಲ್ಲಿಗೆ ಬರಲಿಲ್ಲ, ನಾವೂ ಕೂಟಕ್ಕೆ ಹೋಗಲಿಲ್ಲ. ಮೌಶಿ ಮೆಟ್ಟಿಲಲ್ಲಿ ಸಿಕ್ಕರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಮಾಡಲಿ.

ಒಳಗೆ ಬಂದರೆ ಮಗಳು ನೆಲದ ಮೇಲೆ ಬಿದ್ದಿದ್ದ ಕರ್ಚೀಫುಗಳನ್ನು ಹೆಕ್ಕುತ್ತಿದ್ದಳು. ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ತಬ್ಬಿಕೊಳ್ಳಲಿಲ್ಲ. ಒಂದು ಕರ್ಚೀಫಿನ ಗಂಟು ಬಿಚ್ಚುತ್ತ ಕೇಳಿದಳು.

"ಅಮ್ಮ, ಶನಿವಾರ ಅವಳ ಪಪ್ಪನಿಗೆ ಖೋಬರಲ್ಲಿ ಕೆಲಸ ಉಂಟಂತೆ. ಅವಳೂ ಒಟ್ಟಿಗೆ ಬರ್ತಾಳೆ. ಯಾರ ಮನೆ ಅಂತ ಅವರು ಕೇಳುದೂ ಇಲ್ಲ, ಸ್ವಲ್ಪ ಹೊತ್ತು ಇಲ್ಲಿ ಬಿಟ್ಟು ಹೋಗ್ತಾರೆ. ನಾವಿಬ್ರು ಇಲ್ಲಿ ಕುಣೀಬಹುದಾ?"

ಆಗಷ್ಟೇ ಇಡೀ ಕೂಟವನ್ನು ಇದೇ ಕಾರಣಕ್ಕೆ ಹೊರಗೆ ಹಾಕಿದವಳು ನಾನು. ಆದರೆ ಸಿಸ್ಟರು ಬಿಡಿ, ಬಾಪ್ಪು ಬಿಡಿ, ಆ ದೇಶದಲ್ಲಿ ಅದು ಯಾರ ಕಿವಿಗಾದರೂ ಬಿದ್ದರೆ ನನ್ನ ಮಗಳ ಗತಿ ಏನು? ಕಟ್ಟಡದ ಕಾವಲಿನವನು, ಮೇಲಿನ ಮಹಡಿಯವರು, ಇಂದು ಹೊರಗೆ ಹೋದ ಹೆಂಗಸರು. ಈಗ ಸಿಟ್ಟಿನಲ್ಲಿ ಅವರಲ್ಲಿ ಯಾರು ಏನು ಮಾಡುವುದಿಲ್ಲ ಎಂದು ಹೇಳಲಿಕ್ಕುಂಟು? ನನ್ನ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೋಯಿತು.

"ಕುಣೀರಿ" ಎಂದೆ. "ಪರದೆ ನಾನು ಸರಿಯಾಗಿ ಎಳೆದು ಕೊಡ್ತೇನೆ."

ಅದಕ್ಕಿಂತ ಹೆಚ್ಚಿನದು ಆ ಹೊತ್ತಿಗೆ ನನ್ನ ಕೈಯಲ್ಲಿರಲಿಲ್ಲ. ಅವಳು ಅಂದು ಫೋನಿನಲ್ಲಿ ಅಳುತ್ತ ಕೇಳಿದ್ದು ಯಾವ ಹಾಲ್, ಎಂಥ ಬೆಳಕು ಎಂದು ನನಗೂ ನೆನಪಿತ್ತು, ಅವಳಿಗೂ ನೆನಪಿತ್ತು.

"ಆಯ್ತಮ್ಮ" ಎಂದಳು.

ಕರ್ಚೀಫುಗಳನ್ನು ಮಡಿಸಿ ಟೇಬಲ್ಲಿನ ಮೇಲಿಟ್ಟು ಅವಳೇ ಎದ್ದು ಹೋದಳು. ಕುಣಿತದ ಗಲಾಟೆಯಲ್ಲಿ ಕಿಟಕಿಯ ಪರದೆ ನಡುವೆ ಸ್ವಲ್ಪ ಸರಿದು, ಬೀದಿಯ ಬೆಳಕು ಸಂದಿನಿಂದ ಒಳಗೆ ಬರುತ್ತಿತ್ತು. ಎರಡೂ ಅಂಚುಗಳನ್ನು ಒಂದರ ಮೇಲೊಂದು ತಂದು, ಗಾಳಿಗೂ ಬಿಟ್ಟುಕೊಳ್ಳದ ಹಾಗೆ ಪಿನ್ನು ಹಾಕಿದಳು. ಆಮೇಲೆ ಹಿಂದೆ ಸರಿದು ನಿಂತು, ಎಲ್ಲಾದರೂ ಬೆಳಕು ಕಾಣುತ್ತದೆಯೇ ಎಂದು ತಲೆ ವಾಲಿಸಿ ಪರೀಕ್ಷಿಸಿದಳು. ಅಷ್ಟು ಚೊಕ್ಕವಾಗಿ ಪರದೆ ಮುಚ್ಚುವುದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಕಲಿಸಿದ್ದು ನಾನು.